ಲೋಟದ ಲೆಕ್ಕ, ತಕ್ಕಡಿಯ ಲೆಕ್ಕ: ಹೆಚ್ಚಿದ ತರಕಾರಿಯ ಅಳತೆಯನ್ನು ತೂಕಕ್ಕೆ ತರುವುದು ಹೇಗೆ?

ಒಂದು ಲೋಟ ಹೆಚ್ಚಿದ ಎಲೆಕೋಸು ಎಷ್ಟು ಗ್ರಾಂ ತೂಗುತ್ತದೆ? ಅದೇ ಲೋಟಕ್ಕೆ ಹೆಚ್ಚಿದ ಟೊಮೆಟೊ ತುಂಬಿದರೆ ಎಷ್ಟು? ಲೋಟ ಒಂದೇ ಆದರೂ ಟೊಮೆಟೊ ಎಲೆಕೋಸಿನ ಎರಡರಷ್ಟು ತೂಗುತ್ತದೆ. ಅದೇ ಲೋಟದ ತುಂಬ ದಂಟಿನ ಸೊಪ್ಪು ಹಾಕಿದರೆ ಟೊಮೆಟೊ ತೂಕದ ಆರನೇ ಒಂದು ಪಾಲೂ ಬರುವುದಿಲ್ಲ.

ಮನೆಯಲ್ಲಿ ನಾಲ್ಕು ಜನರಿಗೆ ಸಾರು ಮಾಡುವಾಗ ಈ ಲೆಕ್ಕ ಯಾರಿಗೂ ಬೇಡ, ಕೈಯೇ ತಕ್ಕಡಿ. ಆದರೆ ಶಾಲೆಯ ಮಕ್ಕಳಿಗೆ ಅಡುಗೆ ಮಾಡುವಾಗ, ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕುವಾಗ, ವೈದ್ಯರು ದಿನಕ್ಕೆ ಇಷ್ಟು ಗ್ರಾಂ ತರಕಾರಿ ತಿನ್ನಿ ಅಂದಾಗ, ಮದುವೆ ಅಡುಗೆಯವರ ಪಟ್ಟಿ ಹಿಡಿದು ಸಂತೆಗೆ ಹೋಗುವಾಗ ಕಣ್ಣಂದಾಜು ಸಾಲದು.

ರಾಯದುರ್ಗ, ಮಡಕಶಿರಾ ಕಡೆಯವರಿಗೆ ಇನ್ನೊಂದು ತೊಡಕು ಉಂಟು. ಅಡುಗೆಯ ಮಾತು ನಮಗೆ ಎರಡು ಭಾಷೆಯಲ್ಲಿ ಬರುತ್ತದೆ. ಕನ್ನಡದಲ್ಲಿ ಪಾವು, ಲೋಟ, ಬಟ್ಟಲು. ತೆಲುಗಿನಲ್ಲಿ ಗ್ಲಾಸು, ಕಪ್ಪು, ಪಾವು ಕಿಲೋ. ಅಂಗಡಿಯಲ್ಲಿ ಕೆ.ಜಿ. ಇವನ್ನೆಲ್ಲ ಒಂದೇ ಲೆಕ್ಕಕ್ಕೆ ತರುವ ದಾರಿ ಇಲ್ಲಿದೆ.

ಪಾತ್ರೆ ಗಾಳಿಯನ್ನೂ ಅಳೆಯುತ್ತದೆ

ಲೋಟವು ಜಾಗವನ್ನು ಅಳೆಯುತ್ತದೆ, ತಕ್ಕಡಿ ತೂಕವನ್ನು. ನೀರಿನಲ್ಲಿ ಇವೆರಡೂ ಒಂದೇ: 1 ಮಿಲಿ ಲೀಟರ್ ನೀರು 1 ಗ್ರಾಂ ತೂಗುತ್ತದೆ. ಇಡೀ ಆಲೂಗಡ್ಡೆ, ಕ್ಯಾರೆಟ್ ಕೂಡ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಆದರೆ ಹೆಚ್ಚಿ ಲೋಟಕ್ಕೆ ತುಂಬಿದರೆ ಹೋಳಿಗೂ ಹೋಳಿಗೂ ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಇರುವುದು ಗಾಳಿ. ಲೋಟದ ಅಳತೆಗೆ ಗಾಳಿ ಸೇರುತ್ತದೆ, ತಕ್ಕಡಿಗೆ ಸೇರುವುದಿಲ್ಲ.

ಹಾಗಾಗಿ ಹೆಚ್ಚಿದ ಗಟ್ಟಿ ತರಕಾರಿ ಒಂದು ಲೀಟರ್ ಪಾತ್ರೆಗೆ ಸಾಮಾನ್ಯವಾಗಿ 350ರಿಂದ 750 ಗ್ರಾಂ ಹಿಡಿಯುತ್ತದೆ. ಸೊಪ್ಪು 65ರಿಂದ 125 ಗ್ರಾಂ ಅಷ್ಟೇ. ಗಾಳಿ ಎಷ್ಟು ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ತರಕಾರಿಯ ಜಾತಿ, ಹೆಚ್ಚಿದ ಆಕಾರ, ತುಂಬಿದ ರೀತಿ.

ಆಕಾರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಣ್ಣಗೆ ಹೆಚ್ಚಿದಷ್ಟೂ ಲೋಟಕ್ಕೆ ಹೆಚ್ಚು ಹಿಡಿಯುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಈರುಳ್ಳಿಯನ್ನು ಉದ್ದುದ್ದ ಎಳೆಯಾಗಿ ಸೀಳಿದರೆ 240 ಮಿ.ಲೀ. ಕಪ್ಪಿಗೆ ಸುಮಾರು 115 ಗ್ರಾಂ, ಸಣ್ಣ ಚೂರು ಮಾಡಿದರೆ 160 ಗ್ರಾಂ. ಇಲ್ಲಿ ಮಾತು ನಿಜವಾಯಿತು. ಎಲೆಕೋಸಿನಲ್ಲಿ ತಿರುವುಮುರುವು: ಚೌಕ ಚೂರಾದರೆ 89 ಗ್ರಾಂ, ಈಳಿಗೆಮಣೆಯಲ್ಲಿ ಕೂದಲಿನಂತೆ ಎಳೆ ತೆಗೆದರೆ 70 ಗ್ರಾಂ. ಕ್ಯಾರೆಟ್ ಚೂರು 128 ಗ್ರಾಂ, ತುರಿ 110 ಗ್ರಾಂ. ಗುಂಡು, ಚೌಕ ಹೋಳುಗಳು ಒತ್ತಾಗಿ ಕೂರುತ್ತವೆ. ಎಳೆ, ತುರಿ, ಸುರುಳಿಗಳು ಹುಲ್ಲಿನ ಮೆದೆಯಂತೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಹೋಳು ಎಷ್ಟು ಸಣ್ಣದು ಎಂಬುದಕ್ಕಿಂತ ಯಾವ ಆಕಾರದ್ದು ಎಂದು ನೋಡುವುದು ಮುಖ್ಯ.

ಸೇರು, ಪಾವು, ವೀಸೆ: ಗಡಿಯ ಗೊಂದಲ

ನಮ್ಮ ಸೀಮೆಯ ಅಳತೆಯ ಮಾತುಗಳಿಗೆ ಹಳೆಯ ಚರಿತ್ರೆ ಇದೆ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಅದು ಆದೋನಿ, ಆಲೂರುಗಳ ಜೊತೆ ಆಂಧ್ರ ರಾಜ್ಯಕ್ಕೆ ಸೇರಿತು. ಮಡಕಶಿರಾ ಅನಂತಪುರ ಜಿಲ್ಲೆಯ ಭಾಗವಾಗಿತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ವಿಂಗಡಿಸಿದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಎರಡೂ ಊರುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಪಕ್ಕದ ಮೊಳಕಾಲ್ಮೂರು, ಪಾವಗಡ, ಶಿರಾ ಮೈಸೂರು ಸಂಸ್ಥಾನದಲ್ಲಿದ್ದವು. ಸಂತೆಗೆ ಮಾತ್ರ ಗಡಿ ಇರಲಿಲ್ಲ.

ಮದ್ರಾಸಿನ ತೂಕದ ಸೇರು 24 ತೊಲ. ಒಂದು ತೊಲ ಸುಮಾರು 11.66 ಗ್ರಾಂ. ಅಂದರೆ ಆ ಸೇರು ಸುಮಾರು 280 ಗ್ರಾಂ. ಐದು ಸೇರು ಸೇರಿದರೆ ಒಂದು ವೀಸೆ, 1.4 ಕೆ.ಜಿ. ಎಂಟು ವೀಸೆಗೆ ಒಂದು ಮಣ, ಸುಮಾರು 11.2 ಕೆ.ಜಿ. ಇದಲ್ಲದೆ 80 ತೊಲದ ಸೇರೂ ಇತ್ತು. ಅದು ಸುಮಾರು 933 ಗ್ರಾಂ. ಇವು ತೂಕದ ಸೇರುಗಳು. ಅಕ್ಕಿ, ರಾಗಿ, ಬಿಡಿಸಿದ ಅವರೆಕಾಳು ಅಳೆಯುವ ಸೇರು ಬೇರೆಯೇ. ಅದು ಪಾತ್ರೆ. ನಾಲ್ಕು ಪಾವು ಸೇರಿದರೆ ಆ ಸೇರು.

ಹೀಗೆ ಸೇರು ಎಂಬ ಒಂದೇ ಮಾತು 280 ಗ್ರಾಂ ಆಗಬಹುದು, 933 ಗ್ರಾಂ ಆಗಬಹುದು, ಇಲ್ಲವೇ ತೂಕವೇ ಅಲ್ಲದ ಪಾತ್ರೆಯ ಅಳತೆ ಆಗಬಹುದು. ಅಜ್ಜಿ ಹೇಳಿದ ಹಳೆಯ ಅಡುಗೆಯಲ್ಲಿ ‘ಒಂದು ಸೇರು ಬದನೆಕಾಯಿ’ ಎಂದಿದ್ದರೆ ಅದು ತೂಕದ ಸೇರು. ‘ಒಂದು ಸೇರು ಅವರೆಕಾಳು’ ಎಂದಿದ್ದರೆ ಪಾತ್ರೆಯ ಸೇರು.

ಪಾವಿನ ಕಥೆ ಇನ್ನೂ ಸೂಕ್ಷ್ಮ. ಕನ್ನಡದ ಅಡುಗೆಮನೆಯಲ್ಲಿ ಪಾವು ಎಂದರೆ ಪಾತ್ರೆ. ತೆಲುಗಿನಲ್ಲಿ ಪಾವು ಎಂದರೆ ಕಾಲು ಭಾಗ, ಪಾವು ಕಿಲೋ ಎಂದರೆ 250 ಗ್ರಾಂ. ‘ಪಾವು ಬೆಂಡಕಾಯಲು’ ಎಂದು ತೆಲುಗಿನವರು ಹೇಳಿದರೆ ಕಾಲು ಕೆ.ಜಿ. ಬೆಂಡೆಕಾಯಿ. ಅದನ್ನೇ ಪಾವು ಪಾತ್ರೆಯಲ್ಲಿ ಅಳೆದು ಹಾಕಿದರೆ, ಪಾತ್ರೆ 250 ಮಿ.ಲೀ.ನದೇ ಆದರೂ, ಬೀಳುವುದು 105 ಗ್ರಾಂ. ಅರ್ಧಕ್ಕಿಂತಲೂ ಕಡಿಮೆ! ತೆಲುಗು ಅಡುಗೆಯಲ್ಲಿ ಗಿದ್ದ, ಸೋಲ, ತವ್ವ, ಮಾನಿಕ ಎಂದು ಕಂಡರೆ ಅವೆಲ್ಲ ಪಾತ್ರೆಯ ಅಳತೆಗಳು: ನಾಲ್ಕು ಗಿದ್ದಗೆ ಒಂದು ಸೋಲ, ಎರಡು ಸೋಲಕ್ಕೆ ಒಂದು ತವ್ವ, ಎರಡು ತವ್ವಕ್ಕೆ ಒಂದು ಮಾನಿಕ.

ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಜಾರಿಯಾಗಿ, 1962ರ ಏಪ್ರಿಲ್ ನಂತರ ವ್ಯಾಪಾರದಲ್ಲಿ ಹಳೆಯ ತೂಕಗಳಿಗೆ ಮಾನ್ಯತೆ ಹೋಯಿತು. ಸಂತೆಯಲ್ಲಿ ಸೇರು ಹೋಗಿ ಕೆ.ಜಿ. ಬಂತು, ಅಡುಗೆಮನೆಯಲ್ಲಿ ಪಾವು ಹಾಗೇ ಉಳಿಯಿತು.

ಕಪ್ ಎಂದರೆ ಎಷ್ಟು?

ಟಿ.ವಿ., ಮೊಬೈಲ್‌ನಲ್ಲಿ ಬರುವ ಅಡುಗೆಗಳಲ್ಲಿ ಕಪ್ ಎಂಬ ಮಾತು ಸರ್ವೇಸಾಮಾನ್ಯ. ಅದೂ ಒಂದೇ ಅಲ್ಲ.

- ಅಮೆರಿಕದ ಕಪ್: ಸುಮಾರು 240 ಮಿ.ಲೀ.
- ಮೆಟ್ರಿಕ್ ಕಪ್: 250 ಮಿ.ಲೀ.
- ಕರೆಂಟಿನ ಅನ್ನದ ಕುಕ್ಕರ್ ಜೊತೆ ಬರುವ ಕಪ್: ಸಾಮಾನ್ಯವಾಗಿ 180 ಮಿ.ಲೀ.
- ದೊಡ್ಡ ಚಮಚ: 15 ಮಿ.ಲೀ. ಚಿಕ್ಕ ಚಮಚ: 5 ಮಿ.ಲೀ.
- ಮನೆಯ ಸ್ಟೀಲ್ ಲೋಟ: ಒಂದೊಂದು ಮನೆಯಲ್ಲಿ ಒಂದೊಂದು.

ಕುಕ್ಕರಿನ ಕಪ್ಪನ್ನು ಎಲ್ಲ ಅಡುಗೆಗೂ ಬಳಸುವವರು ಗಮನಿಸಿ. ಅದರಲ್ಲಿ ಅಳೆದರೆ ಪ್ರತಿ ಕಪ್ಪಿಗೂ ನಾಲ್ಕನೇ ಒಂದು ಭಾಗ ಕಡಿಮೆ ಬೀಳುತ್ತದೆ.

ನಿಮ್ಮ ಲೋಟವನ್ನು ಒಮ್ಮೆ ಅಳೆದಿಡಿ

ಇದು ಹತ್ತು ನಿಮಿಷದ ಕೆಲಸ. ಒಮ್ಮೆ ಮಾಡಿದರೆ ಆ ಲೋಟ ಇರುವವರೆಗೂ ಸಾಕು.

ತಕ್ಕಡಿ ಇದ್ದರೆ: ಒಣಗಿದ ಖಾಲಿ ಲೋಟವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಕಂಠದವರೆಗೆ ನೀರು ತುಂಬಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿ.ಲೀ. ನಿಮ್ಮ ಲೋಟ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಪರಿಚಯದ ಕಿರಾಣಿ ಅಂಗಡಿಯಲ್ಲಿ ಈ ಕೆಲಸ ಆಗುತ್ತದೆ.

ತಕ್ಕಡಿ ಇಲ್ಲದಿದ್ದರೆ: 1 ಲೀಟರಿನ ನೀರಿನ ಬಾಟಲಿ ತನ್ನಿ. ಅದರ ನೀರು ಎಷ್ಟು ಲೋಟ ಆಗುತ್ತದೆ ಎಣಿಸಿ. ಐದು ಲೋಟ ಆದರೆ ಲೋಟ 200 ಮಿ.ಲೀ. ನಾಲ್ಕು ಆದರೆ 250. ಆರೂವರೆ ಆದರೆ ಸುಮಾರು 155.

ಬಂದ ಸಂಖ್ಯೆಯನ್ನು ಲೋಟದ ತಳಕ್ಕೆ ಬಣ್ಣದಲ್ಲಿ ಬರೆದಿಡಿ, ಇಲ್ಲವೇ ಅಡುಗೆಮನೆಯ ಗೋಡೆಯ ಮೇಲೆ ಬರೆಯಿರಿ. ದೊಡ್ಡ ಅಡುಗೆಗೆ ಬಳಸುವ ಡಬ್ಬ, ಬೋಗುಣಿ, ಬಕೆಟ್ಟಿಗೂ ಹೀಗೇ ಮಾಡಿ.

ತರಕಾರಿ ಅಳೆಯುವಾಗ ಪ್ರತಿ ಸಲವೂ ಒಂದೇ ಪದ್ಧತಿ ಇರಲಿ. ಹೋಳುಗಳನ್ನು ಒತ್ತದೆ ಲೋಟಕ್ಕೆ ಹಾಕಿ, ಲೋಟದ ತಳವನ್ನು ಮಣೆಯ ಮೇಲೆ ಎರಡು ಸಲ ತಟ್ಟಿ, ಮೇಲೆ ಗೋಪುರ ಕಟ್ಟಿದ್ದನ್ನು ಕೈಯಿಂದ ಸವರಿ ತೆಗೆಯಿರಿ. ಲೋಟ ಸಣ್ಣದಾಗಿ ಹೋಳು ದಪ್ಪವಾಗಿದ್ದರೆ ಅಂಚಿನಲ್ಲಿ ಜಾಗ ಖಾಲಿ ಉಳಿದು ಲೆಕ್ಕ ತಪ್ಪುತ್ತದೆ. ಹುಳಿಯ ದಪ್ಪ ಹೋಳುಗಳನ್ನು ಲೀಟರ್ ಪಾತ್ರೆಯಲ್ಲೇ ಅಳೆಯುವುದು ವಾಸಿ.

ಯಾವ ತರಕಾರಿ ಎಷ್ಟು ತೂಗುತ್ತದೆ?

ಅಮೆರಿಕದ ಕೃಷಿ ಇಲಾಖೆ ತನ್ನ ಆಹಾರ ಪಟ್ಟಿಯಲ್ಲಿ ತರಕಾರಿಗಳ ಕಪ್ಪಿನ ತೂಕವನ್ನು ಕೊಡುತ್ತದೆ. ಕೆಳಗಿನ ಮೊದಲ ಅಂಕಿ ಅದರದ್ದು (240 ಮಿ.ಲೀ. ಕಪ್). ಎರಡನೆಯದು 200 ಮಿ.ಲೀ. ಲೋಟಕ್ಕೆ, ಮೂರನೆಯದು 1 ಲೀಟರ್ ಪಾತ್ರೆಗೆ ನಾವು ಇಳಿಸಿ, ಸ್ವಲ್ಪ ದುಂಡಗೆ ಮಾಡಿದ ಲೆಕ್ಕ. ಎಲ್ಲವೂ ಹಸಿ ತರಕಾರಿ, ಹೆಚ್ಚಿದ ಮೇಲಿನ ತೂಕ, ಗ್ರಾಂಗಳಲ್ಲಿ. ಆವರಣದಲ್ಲಿ ಇರುವುದು ತೆಲುಗು ಹೆಸರು.

ಭಾರದವು
- ಟೊಮೆಟೊ: 180 / 150 / 750
- ಈರುಳ್ಳಿ (ಎರ್ರಗಡ್ಡ), ಸಣ್ಣ ಚೂರು: 160 / 135 / 670
- ಆಲೂಗಡ್ಡೆ (ಉರ್ಲಗಡ್ಡ): 150 / 125 / 625
- ದಪ್ಪ ಮೆಣಸಿನಕಾಯಿ: 149 / 125 / 620
- ಹಸಿ ಬಟಾಣಿ ಕಾಳು: 145 / 120 / 600
- ಬೀಟ್‌ರೂಟ್: 136 / 115 / 570
- ಕ್ಯಾರೆಟ್ ಚೂರು: 128 / 105 / 530

ನಡುವಿನವು
- ಸಿಹಿಗುಂಬಳ (ಗುಮ್ಮಡಿಕಾಯ): 116 / 95 / 480
- ಸೋರೆಕಾಯಿ (ಸೊರಕಾಯ): 116 / 95 / 480
- ಮೂಲಂಗಿ ಬಿಲ್ಲೆ: 116 / 95 / 480
- ಈರುಳ್ಳಿ, ಉದ್ದ ಎಳೆ: 115 / 95 / 480
- ಕ್ಯಾರೆಟ್ ತುರಿ: 110 / 90 / 460
- ಹೂಕೋಸು: 107 / 90 / 450
- ಹುರುಳಿಕಾಯಿ (ಬೀನ್ಸ್): 100 / 85 / 420
- ಬೆಂಡೆಕಾಯಿ (ಬೆಂಡಕಾಯ): 100 / 85 / 420
- ನುಗ್ಗೆಕಾಯಿ (ಮುನಕ್ಕಾಯ): 100 / 85 / 420

ಹಗುರದವು
- ಹೀರೆಕಾಯಿ (ಬೀರಕಾಯ): 95 / 80 / 400
- ಹಾಗಲಕಾಯಿ (ಕಾಕರಕಾಯ): 93 / 80 / 390
- ಎಲೆಕೋಸು ಚೂರು: 89 / 75 / 370
- ಬದನೆಕಾಯಿ (ವಂಕಾಯ): 82 / 70 / 340
- ಎಲೆಕೋಸು, ಸಣ್ಣ ಎಳೆ: 70 / 60 / 290

ಸೊಪ್ಪು
- ಪಾಲಕ್ (ಪಾಲಕೂರ): 30 / 25 / 125
- ದಂಟಿನ ಸೊಪ್ಪು (ತೋಟಕೂರ): 28 / 23 / 115
- ನುಗ್ಗೆ ಸೊಪ್ಪು (ಮುನಗಾಕು): 21 / 18 / 90
- ಕೊತ್ತಂಬರಿ (ಕೊತ್ತಿಮೀರ): 16 / 13 / 65

ನಿಮ್ಮ ಲೋಟ ಬೇರೆ ಅಳತೆಯದಾದರೆ ಮೂರನೇ ಅಂಕಿಯನ್ನು ಬಳಸಿ. ಲೋಟ 155 ಮಿ.ಲೀ. ಎನ್ನಿ. ಬದನೆ ಲೀಟರಿಗೆ 340 ಗ್ರಾಂ. 340ನ್ನು 155ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 53 ಗ್ರಾಂ.

ತಿರುಗಿ ಹೋಗುವುದೂ ಸುಲಭ. ಅಡುಗೆಯಲ್ಲಿ ‘300 ಗ್ರಾಂ ಸಿಹಿಗುಂಬಳ’ ಎಂದಿದೆ, ನಿಮ್ಮಲ್ಲಿ 200 ಮಿ.ಲೀ. ಲೋಟ ಇದೆ. 300ನ್ನು 95ರಿಂದ ಭಾಗಿಸಿ. ಮೂರು ಲೋಟ ತುಂಬಿ, ಮೇಲೆ ಒಂದೆರಡು ಹೋಳು ಹಾಕಿದರೆ ಸರಿ.

ಪಟ್ಟಿ ಎಲ್ಲಿ ತಪ್ಪುತ್ತದೆ?

ಈ ಅಂಕಿಗಳು ದಾರಿ ತೋರಿಸುವ ಕಲ್ಲುಗಳು. ನಿಮ್ಮ ಕೈಯ ಹೋಳು, ನಿಮ್ಮ ಹೊಲದ ಕಾಯಿ ಬೇರೆ ಇರಬಹುದು. ಹತ್ತಕ್ಕೆ ಒಂದು ಪಾಲು ಹೆಚ್ಚುಕಡಿಮೆ ಆಗುವುದು ಸಹಜ. ಕೆಲವು ಸಂದರ್ಭಗಳಲ್ಲಿ ಮಾತ್ರ ವ್ಯತ್ಯಾಸ ದೊಡ್ಡದಾಗುತ್ತದೆ.

ಒತ್ತಿ ತುಂಬಿದ ಸೊಪ್ಪು: ಸೊಪ್ಪನ್ನು ಕೈಯಿಂದ ಅದುಮಿದರೆ ಅದೇ ಲೋಟಕ್ಕೆ ಎರಡು ಮೂರು ಪಟ್ಟು ಹಿಡಿಯುತ್ತದೆ. ಸೊಪ್ಪಿಗೆ ಲೋಟದ ಲೆಕ್ಕ ನಂಬಬೇಡಿ. ಕಟ್ಟನ್ನೇ ತೂಗಿಸಿ.

ತೊಳೆದ ನೀರು: ತೊಳೆದ ಸೊಪ್ಪು, ಹೂಕೋಸು ನೀರು ಹಿಡಿದು ತೂಕ ಹೆಚ್ಚಿಸುತ್ತವೆ. ಜಾಲರಿಯಲ್ಲಿ ಸೋರಿಸಿದ ಮೇಲೆಯೇ ತೂಗಿ.

ಉಪ್ಪು ಹಾಕಿದ ಹೋಳು: ಹಾಗಲ, ಮೂಲಂಗಿ, ಸೌತೆ ಹೋಳಿಗೆ ಉಪ್ಪು ಸವರಿಟ್ಟರೆ ನೀರು ಬಿಟ್ಟು ಕುಗ್ಗುತ್ತವೆ. ಉಪ್ಪು ಹಾಕುವ ಮೊದಲಿನ ಅಳತೆಯೇ ಲೆಕ್ಕಕ್ಕೆ.

ಬೇಯಿಸಿದ ತರಕಾರಿ: ಹಸಿ ಪಾಲಕ್ ಕಪ್ಪಿಗೆ 30 ಗ್ರಾಂ, ಬೇಯಿಸಿ ಬಸಿದದ್ದು 180 ಗ್ರಾಂ. ಹಸಿ ಎಲೆಕೋಸು 89, ಬೇಯಿಸಿದ್ದು 150. ಬೆಂದಾಗ ಹೋಳು ಮೆತ್ತಗಾಗಿ ಗಾಳಿ ಹೊರಟುಹೋಗುತ್ತದೆ. ಅಡುಗೆಯ ಪಟ್ಟಿಯಲ್ಲಿ ‘ಬೇಯಿಸಿದ ಸೊಪ್ಪು ಒಂದು ಕಪ್’ ಎಂದಿದ್ದರೆ ಹಸಿಯದು ಐದಾರು ಕಪ್ ಬೇಕು.

ಗೋರಿಕಾಯಿ, ಅವರೆಕಾಯಿ, ಸೀಮೆಬದನೆ ಹೀಗೆ ಮೇಲಿನ ಪಟ್ಟಿಯಲ್ಲಿ ಇಲ್ಲದ ತರಕಾರಿಗೆ ಅಂಕಿಯನ್ನು ನೀವೇ ಮಾಡಿಕೊಳ್ಳಬಹುದು. ನೀವು ಸದಾ ಹೆಚ್ಚುವ ಹಾಗೆ ಹೆಚ್ಚಿ, ಲೋಟವನ್ನು ಮೂರು ಸಲ ಬೇರೆ ಬೇರೆಯಾಗಿ ತುಂಬಿ ತೂಗಿ, ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ. ಪರದೇಶದ ಯಾವ ಪಟ್ಟಿಗಿಂತಲೂ ಆ ಸಂಖ್ಯೆ ನಿಮ್ಮ ಅಡುಗೆಗೆ ಸರಿ.

ಕೊಂಡ ತೂಕ ಬೇರೆ, ಹೆಚ್ಚಿದ ತೂಕ ಬೇರೆ

ಸಂತೆಯಲ್ಲಿ ತೂಗುವುದು ಸಿಪ್ಪೆ, ತೊಟ್ಟು, ಬೀಜ, ಹುಳುಕು ಎಲ್ಲ ಸೇರಿಸಿ. ಅಡುಗೆಗೆ ಬೀಳುವುದು ಅವೆಲ್ಲ ಕಳೆದು. ‘500 ಗ್ರಾಂ ಹೀರೆಕಾಯಿ, ಸಿಪ್ಪೆ ತೆಗೆದು ಹೆಚ್ಚಿದ್ದು’ ಎಂಬ ಸಾಲಿಗೆ ಎರಡು ಅರ್ಥ ಬರುತ್ತದೆ. ದೊಡ್ಡ ಅಡುಗೆಯಾದರೆ ಹೆಚ್ಚಿದ ಮೇಲಿನ ತೂಕ ಎಂದೇ ಹಿಡಿಯುವುದು ಕ್ಷೇಮ, ಕಡಿಮೆ ಬೀಳುವುದಿಲ್ಲ.

ಹೆಚ್ಚಿದ ತರಕಾರಿ 1 ಕೆ.ಜಿ. ಬೇಕಾದರೆ ಸುಮಾರಾಗಿ ಎಷ್ಟು ಕೊಳ್ಳಬೇಕು:

- ಈರುಳ್ಳಿ, ಟೊಮೆಟೊ, ಕ್ಯಾರೆಟ್: 1.1 ಕೆ.ಜಿ.
- ಹುರುಳಿಕಾಯಿ, ಬೆಂಡೆಕಾಯಿ: 1.15 ಕೆ.ಜಿ.
- ಬದನೆಕಾಯಿ, ಎಲೆಕೋಸು: 1.25 ಕೆ.ಜಿ.
- ಸಿಹಿಗುಂಬಳ, ಸೋರೆಕಾಯಿ, ಪಾಲಕ್: 1.4 ಕೆ.ಜಿ.
- ಎಲೆ, ದಿಂಡು ಸಮೇತ ಹೂಕೋಸು: 2.5 ಕೆ.ಜಿ.
- ಸಿಪ್ಪೆ ಸಮೇತ ಬಟಾಣಿ: 2.6 ಕೆ.ಜಿ.

ಕುಂಬಳದ ಸಿಪ್ಪೆ ತೆಗೆಯದೆ ಹುಳಿ ಮಾಡುವವರಿಗೆ, ದಂಟನ್ನು ಸಾರಿಗೆ ಹಾಕುವವರಿಗೆ ಇಷ್ಟು ನಷ್ಟ ಇಲ್ಲ. ಹೀರೆ ಸಿಪ್ಪೆ ಚಟ್ನಿಗೆ ಹೋದರೆ ಅದೂ ಲೆಕ್ಕಕ್ಕೆ ಬಂತು.

ಸಂತೆಯಲ್ಲಿ ಗುಡ್ಡೆ ಲೆಕ್ಕದಲ್ಲಿ ಕೊಳ್ಳುವವರು ಒಮ್ಮೆಯಾದರೂ ಆ ಗುಡ್ಡೆಯನ್ನು ಮನೆಯಲ್ಲಿ ತೂಗಿ ನೋಡಿ. ಗುಡ್ಡೆಯ ನಡುವೆಯೂ ಗಾಳಿ ಇರುತ್ತದೆ!

ಶಾಲೆಯ ಬಿಸಿಯೂಟ: ಗಾಳಿಗೆ ಹೋಗುವ ಪಾಲು

ಈ ಲೆಕ್ಕ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಇಲ್ಲಿ. ಕರ್ನಾಟಕದ ಕಡೆ ಅಕ್ಷರ ದಾಸೋಹ ಎಂದೂ, ಆಂಧ್ರದಲ್ಲಿ 2024ರಿಂದ ಡೊಕ್ಕಾ ಸೀತಮ್ಮ ಮಧ್ಯಾಹ್ನ ಬಡಿ ಭೋಜನಂ ಎಂದೂ ಕರೆಯುವ ಊಟಕ್ಕೆ ಕೇಂದ್ರದ ಪಿ.ಎಂ. ಪೋಷಣ್ ಯೋಜನೆಯ ಅಳತೆ ಒಂದೇ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 6ರಿಂದ 8ನೇ ತರಗತಿಗೆ ಧಾನ್ಯ 150, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ರೊಳ್ಳ, ಅಗಳಿ, ಅಮರಾಪುರದ ಶಾಲೆಯಾಗಲಿ, ಡಿ. ಹಿರೇಹಾಳಿನ ಶಾಲೆಯಾಗಲಿ, ಗಡಿಯಾಚೆಯ ಶಿರಾ, ಮೊಳಕಾಲ್ಮೂರಿನದಾಗಲಿ ಈ ಅಂಕಿ ಬದಲಾಗುವುದಿಲ್ಲ.

ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳು 40, ದೊಡ್ಡವರು 20 ಎನ್ನಿ. ತರಕಾರಿ ಬೇಕಾದದ್ದು: 40 × 50 = 2 ಕೆ.ಜಿ., 20 × 75 = 1.5 ಕೆ.ಜಿ. ಒಟ್ಟು 3.5 ಕೆ.ಜಿ. ಬೇಳೆ 800 ಗ್ರಾಂ ಮತ್ತು 600 ಗ್ರಾಂ, ಒಟ್ಟು 1.4 ಕೆ.ಜಿ. ಹಳಬರ ಲೆಕ್ಕದಲ್ಲಿ ಸರಿಯಾಗಿ ಒಂದು ವೀಸೆ.

ಈಗ ತರಕಾರಿಯನ್ನು ಪಾತ್ರೆಗೆ ಇಳಿಸೋಣ. ಹುರುಳಿಕಾಯಿ 1 ಕೆ.ಜಿ., ಕ್ಯಾರೆಟ್ 1 ಕೆ.ಜಿ., ಆಲೂಗಡ್ಡೆ ಒಂದೂವರೆ ಕೆ.ಜಿ. ಹೆಚ್ಚಿದರೆ ಸುಮಾರು 2.4, 1.9, 2.4 ಲೀಟರ್. ಒಟ್ಟು 6.7 ಲೀಟರ್. ಏಳು ಲೀಟರಿನ ಡಬ್ಬ ಹತ್ತಿರ ಹತ್ತಿರ ತುಂಬುತ್ತದೆ. ಅಡುಗೆಯಮ್ಮ ‘ಡಬ್ಬ ತುಂಬಿದರೆ ಎಲ್ಲರಿಗೂ ಆಯಿತು’ ಎಂದು ಗುರುತು ಇಟ್ಟುಕೊಳ್ಳುತ್ತಾರೆ. ತಪ್ಪೇನಿಲ್ಲ, ಆ ದಿನದ ಮಟ್ಟಿಗೆ.

ಮರುದಿನ ಎಲೆಕೋಸು ಬಂತು. ಅದೇ ಡಬ್ಬ ತುಂಬಿತು. ತೂಕ? ಏಳು ಲೀಟರಿಗೆ 370ರಂತೆ 2.6 ಕೆ.ಜಿ. 900 ಗ್ರಾಂ ಕಡಿಮೆ ಬಿತ್ತು. ಅದು 18 ಚಿಕ್ಕ ಮಕ್ಕಳ ಪಾಲು. ಮೂರನೇ ದಿನ ದಂಟಿನ ಸೊಪ್ಪು ತುಂಬಿದರೆ 800 ಗ್ರಾಂ, ಬೇಕಾದದ್ದರ ಕಾಲು ಭಾಗಕ್ಕೂ ಕಡಿಮೆ. ಯಾರೂ ಕದ್ದಿಲ್ಲ, ಯಾರೂ ಸೋಮಾರಿತನ ಮಾಡಿಲ್ಲ, ಡಬ್ಬವೂ ತುಂಬಿದೆ. ಆದರೂ ಮಕ್ಕಳ ತಟ್ಟೆಗೆ ಬೀಳಬೇಕಾದದ್ದು ಬೀಳಲಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಡಬ್ಬದ ಹೊರಗೆ ತರಕಾರಿಗೊಂದು ಗುರುತು ಹಾಕುವುದು. 3.5 ಕೆ.ಜಿ.ಗೆ ಆಲೂಗಡ್ಡೆ 5.6 ಲೀಟರ್, ಕ್ಯಾರೆಟ್ 6.6, ಹುರುಳಿಕಾಯಿ 8.3, ಎಲೆಕೋಸು 9.5, ಬದನೆ 10.3 ಲೀಟರ್. ಸೊಪ್ಪಿನ ದಿನ ಮಾತ್ರ ಪಾತ್ರೆ ಬಿಟ್ಟು ತೂಕವೇ ಆಗಬೇಕು. ಹೆಚ್ಚಿದ ದಂಟಿನ ಸೊಪ್ಪು 3.5 ಕೆ.ಜಿ. ಎಂದರೆ 30 ಲೀಟರ್! ಅಷ್ಟು ಸೊಪ್ಪು ತರುವುದು ಆಗದಿದ್ದರೆ ಒಂದು ಕೆ.ಜಿ. ಸೊಪ್ಪಿಗೆ ಎರಡೂವರೆ ಕೆ.ಜಿ. ಕುಂಬಳ, ಟೊಮೆಟೊ, ಆಲೂಗಡ್ಡೆ ಸೇರಿಸಬಹುದು. ಶಾಲಾ ಸಮಿತಿಯಲ್ಲಿರುವ ಪಾಲಕರು ಊಟ ನೋಡಲು ಹೋದಾಗ ಡಬ್ಬ ತುಂಬಿದೆಯೇ ಎಂದು ಕೇಳುವ ಬದಲು ಇಂದು ಯಾವ ತರಕಾರಿ, ಎಷ್ಟು ತೂಕ ಎಂದು ಕೇಳಲಿ.

ಉಪ್ಪಿನಕಾಯಿ: ಎರಡು ಲೆಕ್ಕ ಬೆರೆಸಬೇಡಿ

ಉಪ್ಪಿನಕಾಯಿ ಕೆಡದಂತೆ ಕಾಯುವುದು ಉಪ್ಪು. ಅದು ಹೋಳಿನ ತೂಕಕ್ಕೆ ತಕ್ಕಂತೆ ಇರಬೇಕು. ಒಬ್ಬರು ‘ಐದಕ್ಕೆ ಒಂದು ಉಪ್ಪು’ ಎಂದರು ಎನ್ನಿ. ಐದು ಕೆ.ಜಿ.ಗೆ ಒಂದು ಕೆ.ಜಿ.ಯೋ, ಐದು ಲೋಟಕ್ಕೆ ಒಂದು ಲೋಟವೋ ಕೇಳಿಕೊಳ್ಳಿ. ಎರಡೂ ಒಂದೇ ಅಲ್ಲ.

200 ಮಿ.ಲೀ. ಲೋಟಕ್ಕೆ ಮಾವಿನ ತಿರುಳಿನ ಹೋಳು ಸುಮಾರು 140 ಗ್ರಾಂ. ಐದು ಲೋಟ 700 ಗ್ರಾಂ. ಅದೇ ಲೋಟಕ್ಕೆ ಪುಡಿ ಉಪ್ಪು ಸುಮಾರು 240 ಗ್ರಾಂ. ಅಂದರೆ ಲೋಟದ ಲೆಕ್ಕದಲ್ಲಿ 100 ಗ್ರಾಂ ಹೋಳಿಗೆ 34 ಗ್ರಾಂ ಉಪ್ಪು ಬಿತ್ತು. ಕೆ.ಜಿ. ಲೆಕ್ಕದಲ್ಲಾದರೆ 100ಕ್ಕೆ 20. ಒಂದು ಬಾಯಿಗಿಡಲಾಗದಷ್ಟು ಉಪ್ಪು, ಇನ್ನೊಂದು ಸರಿ. ಇದಕ್ಕೆ ತಿರುಗುಮುರುಗಾಗಿ, ಲೋಟದ ಲೆಕ್ಕದ ಹಳೆಯ ಅಡುಗೆಯನ್ನು ಕೆ.ಜಿ.ಯಲ್ಲಿ ಮಾಡಿದರೆ ಉಪ್ಪು ಸಾಲದೆ ಜಾಡಿಯಲ್ಲಿ ಬೂಷ್ಟು ಬರುತ್ತದೆ.

ಕಲ್ಲುಪ್ಪಿಗೂ ಪುಡಿ ಉಪ್ಪಿಗೂ ವ್ಯತ್ಯಾಸ ಇದೆ. ಹರಳಿನ ನಡುವೆ ಸಂದು ಹೆಚ್ಚಾದ್ದರಿಂದ ಕಲ್ಲುಪ್ಪು ಅದೇ ಲೋಟಕ್ಕೆ ಕಡಿಮೆ ತೂಗುತ್ತದೆ. ಅಜ್ಜಿಯ ಕಾಲದ ‘ಒಂದು ಲೋಟ’ ಸಾಮಾನ್ಯವಾಗಿ ಕಲ್ಲುಪ್ಪಿನದು. ಅದೇ ಲೋಟಕ್ಕೆ ಪಾಕೆಟ್ಟಿನ ಪುಡಿ ಉಪ್ಪು ಹಾಕಿದರೆ ಉಪ್ಪು ಏರುತ್ತದೆ. ಹೋಳು, ಉಪ್ಪು ಎರಡನ್ನೂ ತೂಗಿಯೇ ಹಾಕುವುದು ಒಳ್ಳೆಯದು.

ವೈದ್ಯರು ಗ್ರಾಂ ಹೇಳಿದರೆ

ದಿನಕ್ಕೆ ಹಣ್ಣು ತರಕಾರಿ ಸೇರಿ ಕಡಿಮೆ ಎಂದರೂ 400 ಗ್ರಾಂ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳು ಇದರಲ್ಲಿ ಸೇರುವುದಿಲ್ಲ. ಹಣ್ಣು 100 ಗ್ರಾಂ ತಿಂದರೆ ತರಕಾರಿ 300 ಗ್ರಾಂ ಉಳಿಯಿತು. 200 ಮಿ.ಲೀ. ಲೋಟದಲ್ಲಿ ಹಸಿ ಹೋಳು ಅಳೆದರೆ ಒಂದು ಲೋಟ ಟೊಮೆಟೊ (150), ಒಂದು ಲೋಟ ಹುರುಳಿಕಾಯಿ (85), ಮುಕ್ಕಾಲು ಲೋಟಕ್ಕೆ ತುಸು ಹೆಚ್ಚು ಎಲೆಕೋಸು (60ರ ಆಸುಪಾಸು) ಸೇರಿದರೆ ಒಬ್ಬರಿಗೆ ಆಯಿತು. ಮುದ್ದೆಯ ಜೊತೆ ಬರುವ ಸೊಪ್ಪಿನ ಸಾರಿನಲ್ಲಿ ತಲೆಗೆ ಎರಡು ಲೋಟ ಹಸಿ ಸೊಪ್ಪು ಬಿದ್ದಿದ್ದರೂ ಅದು 50 ಗ್ರಾಂ ಮಾತ್ರ ಎಂಬುದು ನೆನಪಿರಲಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಯಾವ ತರಕಾರಿ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಅವರು ಹೇಳಿದ ಗ್ರಾಂ ಅನ್ನು ಲೋಟಕ್ಕೆ ಇಳಿಸುವ ಕೆಲಸ ಮಾತ್ರ ಈ ಪಟ್ಟಿಯದು.

ನೆನಪಿಡಲು ಐದು ಮಾತು

1. ಲೋಟವನ್ನು ಒಮ್ಮೆ ನೀರಿನಿಂದ ಅಳೆದು ಅಂಕಿ ಬರೆದಿಡಿ. 1 ಗ್ರಾಂ ನೀರು 1 ಮಿ.ಲೀ.
2. ಪಟ್ಟಿ ಕೈಯಲ್ಲಿ ಇಲ್ಲದಾಗ ಲೀಟರಿಗೆ ಸುಮಾರು: ಟೊಮೆಟೊ, ಈರುಳ್ಳಿ ಚೂರು 700 ಗ್ರಾಂ. ಆಲೂಗಡ್ಡೆ 600. ಕ್ಯಾರೆಟ್, ಕುಂಬಳ 500. ಹುರುಳಿಕಾಯಿ, ಬೆಂಡೆ, ಹೀರೆ 400. ಎಲೆಕೋಸು, ಬದನೆ 350. ಸೊಪ್ಪು 100.
3. ಪಾವು ಎಂದಾಗ ಕನ್ನಡದ ಪಾವೋ, ತೆಲುಗಿನ ಪಾವು ಕಿಲೋವೋ ಕೇಳಿಕೊಳ್ಳಿ.
4. ಸೊಪ್ಪು ಮತ್ತು ಉಪ್ಪಿನಕಾಯಿಗೆ ತಕ್ಕಡಿಯೇ ಬೇಕು.
5. ಕೊಳ್ಳುವಾಗ ಸಿಪ್ಪೆ, ತೊಟ್ಟಿನ ಪಾಲನ್ನು ಸೇರಿಸಿ ಕೊಳ್ಳಿ.